ತರಬೇತಿ ದಾನವಲ್ಲ, ವ್ಯಾಪಾರ



“ಕಂಪನಿಯವರು ಸಂಬಳವನ್ನೂ ಕೊಟ್ಟು ಪಾಠವನ್ನೂ ಹೇಳಿಕೊಡುತ್ತಾರಂತೆ, ಎಂಥ ಪುಣ್ಯವಂತರು!” ಈ ಮಾತು ಈಗ ನಮ್ಮ ಲೈನ್‌ಮನೆಗಳಲ್ಲಿ ಕೇಳಿಬರುತ್ತಿದೆ. ನಮ್ಮ ಮಕ್ಕಳು ಓದಿ ಮೈಸೂರು, ಬೆಂಗಳೂರು, ಕೊಯಮತ್ತೂರಿನ ಕಂಪ್ಯೂಟರ್ ಕಂಪನಿ ಸೇರುವುದು ಸಂತೋಷವೇ. ಆದರೆ ಆ ಪಾಠವನ್ನು ಉಪಕಾರವೆಂದು ತಿಳಿದರೆ ಮೋಸಹೋಗುತ್ತೇವೆ.

ಈ ಕಂಪನಿಗಳ ವ್ಯಾಪಾರವೇನು? ಅಮೆರಿಕ, ಇಂಗ್ಲೆಂಡುಗಳ ಬ್ಯಾಂಕು, ವಿಮೆ, ಆಸ್ಪತ್ರೆಗಳ ಕೆಲಸವನ್ನು ಗುತ್ತಿಗೆ ಹಿಡಿದು ಇಲ್ಲಿ ಮಾಡಿಸಿಕೊಡುವುದು. ಇದಕ್ಕೇ ಔಟ್‌ಸೋರ್ಸಿಂಗ್ ಎನ್ನುತ್ತಾರೆ. ಅನೇಕ ಗುತ್ತಿಗೆಗಳಲ್ಲಿ ಇಂತಿಷ್ಟು ಆಳು, ಇಂತಿಷ್ಟು ಗಂಟೆ ಎಂದು ಲೆಕ್ಕ ಹಾಕಿ ಬಿಲ್ಲು ಕಳಿಸುತ್ತಾರೆ. ಕೆಲಸ ಬಾರದವನ ಗಂಟೆಗೆ ಯಾರು ಹಣ ಕೊಡುತ್ತಾರೆ? ಅದಕ್ಕಾಗಿ ತರಬೇತಿ. ಅನುಭವಸ್ಥನಿಗೆ ಹೆಚ್ಚು ಕೊಡುವ ಬದಲು ಹೊಸಬನನ್ನು ಕಡಿಮೆ ಸಂಬಳಕ್ಕೆ ಸೇರಿಸಿ ಕೆಲವು ತಿಂಗಳು ಕಲಿಸಿದರೆ, ಬಿಲ್ಲಿಗೂ ಸಂಬಳಕ್ಕೂ ನಡುವಿನ ಲಾಭ ದೊಡ್ಡದು. ತರಬೇತಾದವರ ಪಟ್ಟಿ ತೋರಿಸಿದರೆ ಮುಂದಿನ ಗುತ್ತಿಗೆಯೂ ಸುಲಭ. ಕೆಲಸ ಕೆಟ್ಟರೆ, ಗಿರಾಕಿಯ ಗುಟ್ಟು ಹೊರಬಿದ್ದರೆ ನಷ್ಟ ಕಂಪನಿಗೆ; ಅದಕ್ಕೂ ತರಬೇತಿಯೇ ಕಾವಲು.

ಟೀ ಗಿಡ ನೆಟ್ಟ ದಿನವೇ ಎಲೆ ಕೊಡದು. ಕೆಲವು ವರ್ಷ ಗೊಬ್ಬರ ಹಾಕಿ, ಕಳೆ ತೆಗೆದು, ತುದಿ ಸವರಿ ಅಗಲವಾಗಿ ಬೆಳೆಸುತ್ತಾರೆ. ಅದು ಗಿಡದ ಮೇಲಿನ ಮಮತೆಯೇ? ಎಲೆಯ ಮೇಲಿನ ಕಣ್ಣು.

ದಾನವಾಗಿದ್ದರೆ ಹಿಂದೆ ಬಿದ್ದವನಿಗೆ ಇನ್ನಷ್ಟು ಕಲಿಸುತ್ತಿದ್ದರು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕೇಂದ್ರದಿಂದ 300ಕ್ಕೂ ಹೆಚ್ಚು ತರಬೇತಿದಾರರನ್ನು ಹೊರಗೆ ಕಳಿಸಿತು. ಮೂರು ಸಲ ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲವೆಂಬುದು ಕಂಪನಿಯ ಉತ್ತರ. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯಿರಬಹುದು. ಹಾಗಾದರೆ ಅದನ್ನು ವ್ಯಾಪಾರವೆಂದೇ ಕರೆಯೋಣ.

ಗಿಡದಿಂದ ಯಾರೂ ಬಾಂಡ್ ಬರೆಸಿಕೊಳ್ಳುವುದಿಲ್ಲ. ಮನುಷ್ಯನಿಂದ ಬರೆಸಿಕೊಳ್ಳುವ ಕಂಪನಿಗಳಿವೆ. ಇಷ್ಟು ವರ್ಷದೊಳಗೆ ಬಿಟ್ಟರೆ ತರಬೇತಿಯ ಖರ್ಚು ಕಟ್ಟು ಎನ್ನುತ್ತಾರೆ. ಬರಿಯ ಕಾಗದವೆಂದು ಸಹಿ ಹಾಕಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟ ವಿಜಯಾ ಬ್ಯಾಂಕಿನ ಅಧಿಕಾರಿ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಅದು ಸರ್ಕಾರಿ ವಲಯದ ಬ್ಯಾಂಕಾಗಿತ್ತು. ಎಚ್ಚರಿಕೆ ಮಾತ್ರ ಎಲ್ಲರಿಗೂ. ಇನ್ನೊಂದು ಕಡೆ, 1872ರ ಕರಾರು ಕಾಯಿದೆಯ 74ನೇ ಕಲಂ ನ್ಯಾಯವಾದಷ್ಟು ಪರಿಹಾರವನ್ನು ಮಾತ್ರ ಒಪ್ಪುತ್ತದೆ. ಬರೆದ ಮೊತ್ತ ಅದರ ಗರಿಷ್ಠ ಮಿತಿ. ಆದ್ದರಿಂದ ಬೆದರಿಕೆಯ ನೋಟೀಸಿಗೆ ಹೆದರಿ ಕೂಡಲೇ ಹಣ ಹೊಂದಿಸಲು ಓಡಬೇಡಿ.

ತರಬೇತಿ ಬೇಡವೆಂದು ನಾನು ಹೇಳುವುದಿಲ್ಲ. ಕಲಿಯಲಿ, ಚೆನ್ನಾಗಿ ಕಲಿಯಲಿ. ಕಲಿತದ್ದನ್ನು ಯಾರೂ ಕಿತ್ತುಕೊಳ್ಳಲಾರರು. ಆದರೆ ಸಹಿಗೆ ಮೊದಲು ನಾಲ್ಕು ಪ್ರಶ್ನೆ ಕೇಳಲಿ: ತರಬೇತಿಯ ದಿನಗಳಲ್ಲಿ ಸಂಬಳವೆಷ್ಟು? ಪರೀಕ್ಷೆ ತಪ್ಪಿದರೆ ಗತಿಯೇನು? ಬಾಂಡ್ ಎಷ್ಟು ವರ್ಷ, ಎಷ್ಟು ಹಣ? ಕಂಪನಿಯೇ ತೆಗೆದುಹಾಕಿದರೆ ಆ ಹಣ ಯಾರ ತಲೆಗೆ? ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಕೊಡಲಿ, ಅಸಲನ್ನು ಒಪ್ಪಿಸಬಾರದು. ಕರಾರಿನ ಒಂದು ಪ್ರತಿ ಮನೆಗೆ ಬರಲಿ. ಅರ್ಥವಾಗದಿದ್ದರೆ ಸಂಘಕ್ಕೆ ತನ್ನಿ, ಕೂತು ಓದೋಣ.

ಖರ್ಚು ಹಾಕಿದವರು ಲಾಭವನ್ನೂ ಎಣಿಸಿಕೊಳ್ಳುತ್ತಿದ್ದಾರೆ. ಹಾಗಿರುವಾಗ ಋಣದ ಭಾರವೇಕೆ ನಮ್ಮ ಮಕ್ಕಳ ಹೆಗಲಿಗೆ?