ಶಾಲೆಯಿದ್ದರೆ ತಾನೇ ರಜೆ?



ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಓಣಿಗಳಲ್ಲಿ ಎಣ್ಣೆಯ ಬಾಣಲೆಯ ಪರಿಮಳ ಏಳುತ್ತದೆ. ಕ್ರಿಶ್ಚಿಯನ್ನರ ಮನೆಗಳಲ್ಲಿ ಕುಸ್ವಾರಿನ ಸಡಗರ. ಕುಲ್‌ಕುಲ್, ನೆವ್ರಿ, ಗುಳಿಯೊ, ಹೂವಿನ ಅಚ್ಚಿನಲ್ಲಿ ಕರಿಯುವ ರೋಸ್ ಕುಕೀಸ್, ಚಕ್ಕುಲಿ, ಮೇಲೊಂದು ತುಂಡು ಕೇಕು. ‘ಇದು ನಮ್ಮ ಹಬ್ಬವಲ್ಲ’ ಎಂದು ಪುಟ ತಿರುಗಿಸಬೇಡಿ. ಆ ತಟ್ಟೆಯ ಒಂದು ಪಾಲು ನಮ್ಮ ಮನೆಗೂ ಬರುತ್ತದೆ. ಈ ಕಡೆಯ ಶಾಲೆಗಳಲ್ಲಿ ಕ್ರಿಸ್‌ಮಸ್ ರಜೆಯೂ ಉಂಟು, ಅದು ಜಾತಿ ಮತ ನೋಡದೆ ಎಲ್ಲರ ಮನೆಗೂ ಬರುತ್ತದೆ!

ಈ ಸಂಚಿಕೆಯಲ್ಲಿ ಆ ರಜೆಯದೇ ಮಾತು. ಅದರಲ್ಲೂ 2020ರ ಡಿಸೆಂಬರಿನದು. ‘ಅಯ್ಯೋ, ಕೊರೋನಾ ಕಥೆ ಯಾಕೆ ಈಗ? ಹೋಯ್ತಲ್ಲ!’ ಎನ್ನುತ್ತೀರಾ? ಹೋಯಿತು ನಿಜ. ಆದರೆ ಮಳೆಗಾಲದಲ್ಲಿ ಮನೆಗೆ ನುಗ್ಗಿದ ನೀರು ಇಳಿದ ಮೇಲೂ ಗೋಡೆಯಲ್ಲಿ ತೇವ ಉಳಿಯುತ್ತದಲ್ಲ? ಹಾಗೆ ಅದರ ತೇವ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಎಲ್ಲಿದೆ ಎಂದು ಆಮೇಲೆ ಹೇಳುತ್ತೇನೆ.

ಆ ವಾರದ ಗೊಂದಲ ನೆನಪಿದೆಯೇ? ಇಂಗ್ಲೆಂಡಿನಲ್ಲಿ ಹೊಸ ತಳಿಯ ಕೊರೋನಾ ಹಬ್ಬಿದೆ ಎಂದು ಸುದ್ದಿ ಬಂತು. ಡಿಸೆಂಬರ್ 23ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಎಂದು ಸಾರಿದರು. ಮೊದಲು ಹೇಳಿದ್ದು ಅದೇ ರಾತ್ರಿಯಿಂದ, 10 ಗಂಟೆಯಿಂದ ಬೆಳಗಿನ 6ರವರೆಗೆ. ಅಂದೇ ಅದು ಬದಲಾಗಿ 24ರಿಂದ, ರಾತ್ರಿ 11ರಿಂದ 5ರವರೆಗೆ ಎಂದಾಯಿತು. ಮರುದಿನ, ಇನ್ನೂ ಜಾರಿಗೆ ಬರುವ ಮೊದಲೇ, ಕರ್ಫ್ಯೂವೇ ರದ್ದು!

ಗಂಡಸರು ಟಿ.ವಿ. ಮುಂದೆ ಕೂತು ನಕ್ಕರು. ನಗಲಿಕ್ಕೇನು ಕಷ್ಟ? ನಡುರಾತ್ರಿಯ ಪೂಜೆಗೆ ಇಡೀ ಸಂಸಾರವನ್ನು ಹೊರಡಿಸಬೇಕಾದ ಗೃಹಿಣಿಯನ್ನು ಕೇಳಿ. ನಮ್ಮ ಪಕ್ಕದ ಮನೆಯ ಬಾಯಮ್ಮ ಎರಡು ದಿನದಲ್ಲಿ ಮೂರು ಸಲ ಅಡುಗೆಯ ಹೊತ್ತು ಬದಲಾಯಿಸಿದರು. ‘ಪೂಜೆ ಎಷ್ಟು ಗಂಟೆಗೆ ಅಂತ ಗೊತ್ತಾದ್ರೆ ತಾನೇ ಅಕ್ಕಾ, ಸಣ್ಣಸ್ಸಿಗೆ ಅಕ್ಕಿ ಕಡಿಲಿಕ್ಕೆ ಆಗುವುದು? ಹಿಟ್ಟು ಹುಳಿ ಬರ್ಲಿಕ್ಕೆ ಸರ್ಕಾರದ ಆರ್ಡರ್ ಕಾಯ್ತದಾ?’ ಎಂದು ಅವರು ಕಾಂಪೌಂಡಿನ ಆಚೆಯಿಂದ ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಹಿರಿಮಗ ಇದ್ದದ್ದು ಕುವೈತಿನಲ್ಲಿ. ಹಬ್ಬಕ್ಕೆ ಬರುವವನಿದ್ದ. ಡಿಸೆಂಬರ್ 21ರಂದು ಅಲ್ಲಿ ವಿಮಾನ ಸಂಚಾರ ನಿಂತಿತು, ಜನವರಿ 1ರವರೆಗೆ. ಸೌದಿ ಅರೇಬಿಯಾ, ಓಮನ್ ದೇಶಗಳೂ ಅದೇ ಸುಮಾರಿಗೆ ಬಾಗಿಲು ಹಾಕಿಕೊಂಡವು. ಕರಾವಳಿಯ ಎಷ್ಟು ತಾಯಂದಿರು ಆ ಹಬ್ಬದ ದಿನ ಮಗನ ಮುಖವನ್ನು ಅಂಗೈಯಗಲದ ಫೋನಿನಲ್ಲಿ ನೋಡಿ ಕಣ್ಣೊರೆಸಿಕೊಂಡರೋ!

ಇನ್ನು ಕುಸ್ವಾರಿನ ತಟ್ಟೆ. ಪ್ರತಿವರ್ಷ ಕಸೂತಿ ಬಟ್ಟೆ ಮುಚ್ಚಿ, ಮನೆಮನೆಗೆ ಮಕ್ಕಳ ಕೈಯಲ್ಲಿ ಕಳಿಸುವ ತಟ್ಟೆ ಅದು. ಅದನ್ನು ಖಾಲಿ ಹಿಂದಿರುಗಿಸಬಾರದು ಎಂದು ನಾವು ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ಬಾಳೆಹಣ್ಣನ್ನೋ ಇಟ್ಟು ಕೊಡುತ್ತೇವೆ. ಆ ವರ್ಷ ಕೊಡುವವರಿಗೂ ಅಂಜಿಕೆ, ತೆಗೆದುಕೊಳ್ಳುವವರಿಗೂ ಅಂಜಿಕೆ. ಪ್ಲಾಸ್ಟಿಕ್ ಲಕೋಟೆಯಲ್ಲಿ ಕಟ್ಟಿ ಗೇಟಿಗೆ ನೇತುಹಾಕಿ ಹೋದರು. ತಿಂಡಿ ಬಂತು, ತಟ್ಟೆ ಬರಲಿಲ್ಲ. ತಟ್ಟೆ ಬರದಿದ್ದ ಮೇಲೆ ಹಿಂದಿರುಗಿಸುವ ನೆಪವೂ ಇಲ್ಲ, ಜಗಲಿಯಲ್ಲಿ ಕೂತು ಹತ್ತು ನಿಮಿಷ ಹರಟುವ ನೆಪವೂ ಇಲ್ಲ. ಹಬ್ಬವೆಂದರೆ ತಿಂಡಿಯಲ್ಲ, ಆ ಹತ್ತು ನಿಮಿಷವೇ ಎಂದು ಅವತ್ತು ನಮಗೆಲ್ಲ ತಿಳಿಯಿತು.

ಆದರೂ ಹಬ್ಬ ಹೇಗೋ ನಡೆಯಿತು. ಹೆಂಗಸರು ಹೊಂದಿಸಿದರು. ಹೊಂದಿಸುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು? ಹೊಂದಿಸಲಿಕ್ಕಾಗದೆ ಉಳಿದದ್ದು ಬೇರೆಯೇ ಒಂದು.

ಬಾಯಮ್ಮನ ಮೊಮ್ಮಗನಿಗೆ ಆಗ ಏಳು ವರ್ಷ. ಒಂದು ದಿನ ಅಜ್ಜಿಯನ್ನು ಕೇಳಿದನಂತೆ, ‘ಕ್ರಿಸ್‌ಮಸ್ ರಜೆ ಯಾವಾಗ ಶುರು?’ ಎಂದು. ‘ಮಾರ್ಚಿನಿಂದ ರಜೆಯೇ ಅಲ್ವಾ ಪುತಾ?’ ಎಂದು ಅಜ್ಜಿ ನಕ್ಕರೆ ಅವನು, ‘ಅದು ರಜೆ ಅಲ್ಲ. ಅದು ಶಾಲೆ ಇಲ್ಲದ್ದು’ ಎಂದನಂತೆ.

ನೋಡಿ, ಏಳು ವರ್ಷದ ಪೋರ ಎಷ್ಟು ಸರಿಯಾಗಿ ಹೇಳಿದ! ಶಾಲೆಯಿದ್ದರೆ ತಾನೇ ರಜೆ? ಗಂಟೆ ಬಾರಿಸಿ, ಚೀಲ ಎಸೆದು, ‘ಹೋ’ ಎಂದು ಓಡಿ ಬಂದರೆ ತಾನೇ ರಜೆ? ಹಿಂದೆ ಶಾಲೆಯಿಲ್ಲ, ಮುಂದೆ ಶಾಲೆಯಿಲ್ಲ, ನಡುವೆ ಬರೀ ದಿನಗಳು. ಮಕ್ಕಳು ಮಂಕಾಗಿದ್ದರು, ಸಿಡುಕುತ್ತಿದ್ದರು, ಹಗಲು ಮಲಗಿ ರಾತ್ರಿ ಎಚ್ಚರವಿರುತ್ತಿದ್ದರು. ನಾವು ‘ಹಟಮಾರಿ’ ಎಂದು ಬೈದೆವು. ಹಟವಲ್ಲ ಅದು, ದಿನಕ್ಕೊಂದು ಆಕಾರವಿಲ್ಲದ ಸಂಕಟ.

ಮತ್ತೆ ನಮ್ಮ ಪಾಡು? ಬೆಳಿಗ್ಗೆ ಡಬ್ಬಿ ಕಟ್ಟಿ ಎಲ್ಲರನ್ನೂ ಕಳಿಸಿ, ಒಂದು ಲೋಟ ಕಾಫಿ ಹಿಡಿದು ಕೂರುವ ಆ ಅರ್ಧ ಗಂಟೆ ಮಾಯವಾಯಿತು. ಮನೆಯೇ ಹೋಟೆಲು, ಮನೆಯೇ ಶಾಲೆ, ಮನೆಯೇ ಆಸ್ಪತ್ರೆ. ಸರ್ಕಾರಿ ಶಾಲೆಯ ಮಕ್ಕಳ ಬಿಸಿಯೂಟದ ಬದಲು ಅಕ್ಕಿ ಬೇಳೆ ಮನೆಗೆ ಕೊಟ್ಟರು. ಒಳ್ಳೆಯದೇ. ಆದರೆ ಬೇಯಿಸುವ ಕೈ ಯಾರದು? ಚಂದನ ವಾಹಿನಿಯಲ್ಲಿ 2020ರ ಜುಲೈನಿಂದ ‘ಸಂವೇದ’ ಪಾಠ ಬಂತು, ಅದು ಪ್ರೌಢಶಾಲೆಯ ಮಕ್ಕಳಿಗೆ. ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂದು ಮೇಷ್ಟ್ರುಗಳೇ ಊರೂರಿಗೆ ಬಂದು, ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಹೇಳಿದರು. ಕೆಲವು ಕಡೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿ ಅಕ್ಟೋಬರಿನಲ್ಲಿ ಅದೂ ನಿಂತಿತು. ಆಮೇಲೆ ಉಳಿದದ್ದು ಫೋನು. ಒಂದೇ ಫೋನು, ಅದೂ ಯಜಮಾನರ ಜೇಬಿನಲ್ಲಿ.

ಇಲ್ಲೊಂದು ಮಾತು ಕೇಳಲೇಬೇಕು, ಬೇಸರಪಡಬೇಡಿ. ಫೋನು ಒಂದೇ ಇದ್ದ ಮನೆಯಲ್ಲಿ ಮೊದಲ ಪಾಳಿ ಯಾರಿಗೆ ಹೋಯಿತು? ಮಗನಿಗೋ, ಮಗಳಿಗೋ? ‘ಅವಳಿಗೆ ಆಮೇಲೆ ಕೊಟ್ಟರಾಯ್ತು, ಈಗ ಪಾತ್ರೆ ತೊಳೀಲಿ’ ಎಂದು ಎಷ್ಟು ಮನೆಗಳಲ್ಲಿ ಆಗಿಲ್ಲ? 2021ರ ಜೂನ್ ತಿಂಗಳಲ್ಲಿ ಸುಳ್ಯದ ಕಡೆಯ ಒಂದು ಚಿತ್ರ ಎಲ್ಲರ ಫೋನಿಗೂ ಬಂದಿತ್ತು. ಸುರಿಯುವ ಮಳೆಯಲ್ಲಿ ಸಿಗ್ನಲ್ ಸಿಗುವ ರಸ್ತೆ ಬದಿಯಲ್ಲಿ ಕೂತು ಮಗಳು ಪಾಠ ಕೇಳುತ್ತಿದ್ದಾಳೆ, ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ಮೆಚ್ಚಿದರು. ಆದರೆ ಎಷ್ಟು ಹೆಣ್ಣುಮಕ್ಕಳಿಗೆ ಅಂಥ ಕೊಡೆ ಸಿಕ್ಕಿತು?

ರೋಗ ಸುಳ್ಳಾಗಿರಲಿಲ್ಲ ಎಂಬುದನ್ನು ನಾನೂ ಬಲ್ಲೆ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಕ್ಸಿಜನ್ನಿಗೆ, ಹಾಸಿಗೆಗೆ ಅಲೆದು ತಮ್ಮವರನ್ನು ಕಳೆದುಕೊಂಡ ಸೋದರಿಯರು ಈ ಪುಟ ಓದುತ್ತಿರಬಹುದು. ಅವರ ಎದುರು ನಿಂತು ‘ಬಾಗಿಲು ಯಾಕೆ ಹಾಕಿದಿರಿ’ ಎಂದು ಕೇಳುವ ಧೈರ್ಯ ನನಗಿಲ್ಲ. ನನ್ನ ತಕರಾರು ಮುಚ್ಚಿದ್ದರ ಮೇಲಲ್ಲ, ತೆರೆದ ಸಾಲಿನ ಮೇಲೆ. ಮದ್ಯದಂಗಡಿ 2020ರ ಮೇ 4ಕ್ಕೆ ತೆರೆಯಿತು. ದೇವಸ್ಥಾನ, ಮಸೀದಿ, ಇಗರ್ಜಿಗಳು ಜೂನ್ 8ಕ್ಕೆ. ಸಿನಿಮಾ ಮಂದಿರಕ್ಕೆ ಅಕ್ಟೋಬರ್ 15ರಿಂದ ಅರ್ಧ ಸೀಟಿನ ಅನುಮತಿ. ಹತ್ತನೇ ತರಗತಿ ಮತ್ತು ದ್ವಿತೀಯ ಪಿ.ಯು.ಸಿ. ಮಕ್ಕಳಿಗೆ 2021ರ ಜನವರಿ 1. ಒಂದರಿಂದ ಐದನೇ ತರಗತಿಯ ಪುಟ್ಟ ಮಕ್ಕಳಿಗೆ? 2021ರ ಅಕ್ಟೋಬರ್ 25! ಲೆಕ್ಕ ಹಾಕಿ, ಹತ್ತೊಂಬತ್ತು ತಿಂಗಳು. ಸಾಲಿನ ಕಟ್ಟಕಡೆಗೆ ನಿಂತವರು ಎಲ್ಲರಿಗಿಂತ ಚಿಕ್ಕವರು. ಮದುವೆ ಊಟದಲ್ಲಿ ನಾವು ಮಕ್ಕಳನ್ನು ಮೊದಲ ಪಂಕ್ತಿಗೆ ಕೂರಿಸುತ್ತೇವೆ, ಅಲ್ಲವೇ?

2020ರ ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಾಗಿದ್ದ ಮಗು ತರಗತಿಯ ಬೆಂಚಿನ ಮೇಲೆ ಕೂತದ್ದು ಎರಡನೇ ಕ್ಲಾಸಿನಲ್ಲಿ, ಅದೂ ದಸರಾ ಕಳೆದ ಮೇಲೆ. ಅ ಆ ಇ ಈ ತಿದ್ದಬೇಕಾದ ವರ್ಷವೇ ಹಾರಿಹೋಯಿತು. ಮುಂದೆ 2021ರ ಕ್ರಿಸ್‌ಮಸ್ ಕಳೆದು ಮೂರೇ ದಿನಕ್ಕೆ, ಡಿಸೆಂಬರ್ 28ರಿಂದ, ಮತ್ತೆ ರಾತ್ರಿ ಕರ್ಫ್ಯೂ. ಜನವರಿಯಲ್ಲಿ ಬೆಂಗಳೂರಿನ ಪುಟ್ಟ ಮಕ್ಕಳಿಗೆ ಮತ್ತೆ ಶಾಲೆ ಬಂದ್.

ತೇವ ಇರುವುದು ಇಲ್ಲೇ, ಸೋದರಿಯರೆ. ಅಜೀಂ ಪ್ರೇಮ್‌ಜಿ ಸಂಸ್ಥೆಯವರು 2021ರ ಜನವರಿಯಲ್ಲಿ, ಅಂದರೆ ಆ ಕ್ರಿಸ್‌ಮಸ್ ಆದ ಮರು ತಿಂಗಳೇ, ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಎರಡರಿಂದ ಆರನೇ ತರಗತಿಯ ಮಕ್ಕಳು. ನೂರರಲ್ಲಿ 92 ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ 82. ಹೊಸದು ಕಲಿಯಲಿಲ್ಲ ಎಂಬುದಷ್ಟೇ ಅಲ್ಲ, ಕಲಿತದ್ದೂ ಮರೆತುಹೋಗಿತ್ತು. ನಮ್ಮ ಸರ್ಕಾರ 2022-23ನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ಸಾರಿ, ಮೇ 16ಕ್ಕೇ ಶಾಲೆ ಶುರು ಮಾಡಿತು. ಶಿಕ್ಷಕರು ದುಡಿದರು. ಆದರೆ ಬಿಟ್ಟುಹೋದ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದರೆ ಮೇಲೆ ಚೆಂದ ಕಂಡೀತು, ಒಳಗೆ ಬಿರಿದೇ ಇರುತ್ತದೆ. ಆ ಮಕ್ಕಳು ಈಗ ನಮ್ಮ ಹೆಗಲೆತ್ತರ ಬರುತ್ತಿದ್ದಾರೆ. ಪಾಠ ಬಾಯಿಪಾಠ ಒಪ್ಪಿಸುತ್ತಾರೆ. ಗುರುತಿಲ್ಲದ ನಾಲ್ಕು ಸಾಲು ಮುಂದಿಟ್ಟರೆ ಕೆಲವರು ತಡವರಿಸುತ್ತಾರೆ. ಅದನ್ನು ನಾವು ‘ದಡ್ಡತನ’ ಎನ್ನುತ್ತೇವೆ.

ದಯವಿಟ್ಟು ಆ ಮಾತು ಬೇಡ. ಅಡಿಪಾಯ ಹಾಕುವ ಹೊತ್ತಿಗೆ ಕೆಲಸ ನಿಂತದ್ದು ಮಗುವಿನ ತಪ್ಪಲ್ಲ.

ಹಾಗಾದರೆ ಏನು ಮಾಡೋಣ? ಈ ಕ್ರಿಸ್‌ಮಸ್ ರಜೆಯಲ್ಲಿ ಮಗುವನ್ನು ಅಡುಗೆಮನೆಗೆ ಕರೆದು ಒಂದು ತಿಂಡಿ ಮಾಡಿಸಿ. ಕೆಳಗಿನ ಸಾಲುಗಳನ್ನು ಅದೇ ಗಟ್ಟಿಯಾಗಿ ಓದಲಿ, ಅದೇ ಅಳೆಯಲಿ. ನೀವು ಕೇಳುತ್ತಾ ಹೋಗಿ, ನಡುವೆ ಬಾಯಿ ಹಾಕಬೇಡಿ.

ಕುಲ್‌ಕುಲ್: ಎರಡು ಕಪ್ ಮೈದಾ, ಎರಡು ದೊಡ್ಡ ಚಮಚ ತುಪ್ಪ, ಎರಡು ಚಮಚ ಪುಡಿ ಸಕ್ಕರೆ, ಚಿಟಿಕೆ ಉಪ್ಪು. ಗಟ್ಟಿ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಗೋಲಿಯಷ್ಟು ಉಂಡೆ ಮಾಡಿ, ಎಣ್ಣೆ ಸವರಿದ ಫೋರ್ಕಿನ ಬೆನ್ನಿನ ಮೇಲೆ ಒತ್ತಿ ತೆಳುವಾಗಿಸಿ, ಸುರುಳಿ ಸುತ್ತಿ. ಫೋರ್ಕು ಇಲ್ಲವೇ? ಹೊಸ ಬಾಚಣಿಗೆ ತೊಳೆದಿಟ್ಟುಕೊಳ್ಳಿ. ಸುತ್ತಿದ ಅಂಚನ್ನು ಒತ್ತಿ ಕೂಡಿಸಿ, ಇಲ್ಲವಾದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮಧ್ಯಮ ಉರಿಯಲ್ಲಿ ಕೆಂಪಗೆ ಕರಿಯಿರಿ. ಕರಿಯುವುದು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಮುಕ್ಕಾಲು ಕಪ್ ಸಕ್ಕರೆಗೆ ಕಾಲು ಕಪ್ ನೀರು ಹಾಕಿ ಗಟ್ಟಿ ಪಾಕ ಮಾಡಿ, ಒಲೆ ಆರಿಸಿ, ಕರಿದದ್ದನ್ನು ಅದರಲ್ಲಿ ಹೊರಳಿಸಿ ಆರಲು ಬಿಡಿ.

ಓದುವಾಗ ಮಗು ‘ಮಧ್ಯಮ’ ಎಂಬಲ್ಲಿ ನಿಂತಿತೇ? ‘ಮುಕ್ಕಾಲು’ ಎಷ್ಟೆಂದು ಗೊತ್ತಾಗಲಿಲ್ಲವೇ? ಗದರಬೇಡಿ, ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ. ಜನವರಿಯಲ್ಲಿ ಶಾಲೆಗೆ ಹೋಗಿ ಶಿಕ್ಷಕಿಯ ಹತ್ತಿರ ಎದುರು ಕೂತು ಹೇಳಿ, ‘ನನ್ನ ಮಗುವಿಗೆ ಒತ್ತಕ್ಷರ ತೊಡಕುತ್ತದೆ’ ಎಂದು. ಶಾಲೆಯ ಎಸ್‌.ಡಿ.ಎಂ.ಸಿ. ಸಭೆಗೆ ಯಜಮಾನರನ್ನೇ ಕಳಿಸಬೇಡಿ, ನೀವೇ ಹೋಗಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಎಂದು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಶುರು ಮಾಡಿದ್ದು ಅದೇ 2020ರ ನವೆಂಬರಿನಲ್ಲಿ. ಮಗಳ ಹೆಸರನ್ನು ಮೊದಲು ಬರೆಸಿ.

ದಿನಕ್ಕೆ ಹದಿನೈದು ನಿಮಿಷ ಸಾಕು. ಇಷ್ಟೆಲ್ಲ ಹೊರೆಯೂ ನಮ್ಮ ತಲೆಗೇ ಬಂತೇ ಎಂದು ಕೇಳುತ್ತೀರಿ, ಗೊತ್ತು. ನ್ಯಾಯವಾದ ಪ್ರಶ್ನೆ. ಹಾಗಾಗಿ ಆ ಹದಿನೈದು ನಿಮಿಷ ಪಾತ್ರೆ ತೊಳೆಯುವ ಕೆಲಸ ಮನೆಯ ಗಂಡಸರದು. ಈ ಪುಟವನ್ನು ಅವರ ಕಣ್ಣಿಗೆ ಬೀಳುವ ಕಡೆ ಇಟ್ಟುಬಿಡಿ!

ಈ ವರ್ಷ ತಟ್ಟೆಗಳು ಮತ್ತೆ ಓಣಿಯಲ್ಲಿ ಓಡಾಡಲಿ. ನಿಮ್ಮ ಮನೆಗೆ ಬಂದ ತಟ್ಟೆಯನ್ನು ಮಗುವಿನ ಕೈಯಲ್ಲೇ, ಅದು ಸುತ್ತಿದ ನಾಲ್ಕು ಕುಲ್‌ಕುಲ್ ಇಟ್ಟು ಹಿಂದಿರುಗಿಸಿ. ಸುರುಳಿ ಸೊಟ್ಟಗಿದ್ದರೂ ಚಿಂತೆಯಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.

ನಿಮ್ಮ ಅಕ್ಕ