ಎಣಿಕೆಯ ಹಿಂದಿನ ಹಿಂಸೆ

ಸಣ್ಣಕರುಳಿನ ಒಳಪದರದಲ್ಲಿ ಯಾವ ಬಗೆಯ ಜೀವಕೋಶ ಎಷ್ಟಿದೆಯೆಂದು ಎಣಿಸಲು ಇಲಿಗಳನ್ನು ಕೊಂದು, ಕರುಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಡುವುದು ಹಳೆಯ ಕ್ರಮ, ಅದಿನ್ನೂ ನಿಂತಿಲ್ಲ. 2009ರಲ್ಲಿ ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸರ ತಂಡವು ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಪ್ರಯೋಗಾಲಯದ ಬಟ್ಟಲಲ್ಲಿ ಕಿರುಕರುಳನ್ನು ಬೆಳೆಸಿತು. ಎಣಿಕೆಯನ್ನು ಅದರಲ್ಲಿಯೂ ಮಾಡಬಹುದು. ಅಹಿಂಸೆಯ ವಿಜ್ಞಾನ ಬಂದಿತೆಂದು ಹಿಗ್ಗುವವರು ತುಸು ತಾಳಬೇಕು. ಆ ಕೋಶಗಳನ್ನು ಸಾಮಾನ್ಯವಾಗಿ ಹುದುಗಿಸುವ ‘ಮ್ಯಾಟ್ರಿಜೆಲ್’ ಎಂಬ ಲೋಳೆಯನ್ನು ತೆಗೆಯುವುದು ಇಲಿಗಳ ಮೈಯಲ್ಲಿ ಬೆಳೆಸಿದ ಗೆಡ್ಡೆಯಿಂದ! ಕೃತ, ಕಾರಿತ, ಅನುಮೋದಿತವೆಂದು ಹಿಂಸೆಯನ್ನು ವಿಂಗಡಿಸಿದ ಧರ್ಮ ನಮ್ಮದು. ಕೊಲ್ಲುವ ಕೈ ಕಣ್ಣಿಗೆ ಬೀಳಲಿಲ್ಲವೆಂದು ನಾವು ಸುಮ್ಮನಿರಬಹುದೆ? ಸಂಶ್ಲೇಷಿತ ಜೆಲ್‌ನಲ್ಲಿಯೂ ಕರುಳಿನ ಕಾಂಡಕೋಶಗಳನ್ನು ವೃದ್ಧಿಸಬಹುದೆಂದು 2016ರಲ್ಲಿಯೇ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ತೋರಿಸಿದ್ದಾರೆ. ವೈದ್ಯಕೀಯ ಸಂಶೋಧನೆಗೆ ದಾನವೀಯುವ ಶ್ರಾವಕರು ಹಣ ಕೊಡುವ ಮುನ್ನ, ಲೋಳೆ ಯಾವುದೆಂದು ಕೇಳಲಿ.