ಚಿತ್ರಲೇಖೆಯನ್ನ ಯಾರು ಕೇಳಿದ್ರು?

ಕೆಲವು ನಾಟಕಗಳ ಸಂಭಾಷಣೆ ನೆನಪಿರಲ್ಲ, ಆದರೆ ಆ ಮಾತಿನ ತಾತ್ಪರ್ಯ ಬೆನ್ನು ಬಿಡಲ್ಲ. ನನಗೆ ಗಿರೀಶ ಕಾರ್ನಾಡರ ‘ಯಯಾತಿ’ ಹಾಗೆ. ಅದರಲ್ಲೂ ಸೊಸೆ ಚಿತ್ರಲೇಖೆ ಮಾವನ ಎದುರು ನಿಂತು ಆಡುವ ಮಾತು.

ಕಥೆ ಗೊತ್ತಿರೋದೇ. ಶುಕ್ರಾಚಾರ್ಯರ ಶಾಪದಿಂದ ಯಯಾತಿ ರಾಜನಿಗೆ ಅಕಾಲ ಮುಪ್ಪು. ಬೇರೆ ಯಾರಾದ್ರೂ ಅದನ್ನ ಹೊತ್ತುಕೊಂಡರೆ ಮಾತ್ರ ಬಿಡುಗಡೆ. ಮಹಾಭಾರತದಲ್ಲಿ ಉಳಿದ ನಾಲ್ವರು ಮಕ್ಕಳು ಒಲ್ಲೆ ಅಂದಾಗ ಕಿರಿಯವನು ಪುರು ಒಪ್ಪಿಕೊಳ್ತಾನೆ. ಕೊನೆಗೆ ಅವನಿಗೆ ಯೌವನವೂ ವಾಪಸ್, ರಾಜ್ಯವೂ ಸಿಕ್ಕಿತು, ಒಳ್ಳೇ ಮಗ ಅನ್ನೋ ಹೆಸರೂ ಬಂತು.

ಕಾರ್ನಾಡರು ಈ ಪುರುವಿಗೆ ಒಬ್ಬಳು ಹೆಂಡತಿಯನ್ನ ಕೊಟ್ಟರು. ಅಲ್ಲಿಗೆ ಕಥೆಯ ಲೆಕ್ಕವೇ ಬದಲಾಯ್ತು.

ಇದನ್ನ ಬರೆದಾಗ ಅವರಿಗೆ 22 ವರ್ಷ. 1960. ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ ಆಕ್ಸ್‌ಫರ್ಡ್‌ಗೆ ಹೊರಟಿದ್ದರು. ಹೋದ ಮಗ ತಿರುಗಿ ಬರ್ತಾನಾ, ಅಲ್ಲೇ ಯಾರನ್ನಾದ್ರೂ ಮದುವೆಯಾಗಿಬಿಟ್ಟರೆ ಅಂತ ಮನೆಯವರಿಗೆ ಆತಂಕ. ಮನೆಯವರಿಗಾಗಿ ತನ್ನ ಭವಿಷ್ಯ ಬಿಡಬೇಕಾ ಅನ್ನೋ ಸಿಟ್ಟು ಮಗನಿಗೆ. ಇಂಗ್ಲಿಷ್ ಕವಿ ಆಗಬೇಕು ಅಂದುಕೊಂಡಿದ್ದ ಹುಡುಗ ಆ ತಳಮಳದಲ್ಲಿ ಬರೆದದ್ದು ನಾಟಕ, ಅದೂ ಕನ್ನಡದಲ್ಲಿ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನ ಪ್ರಕಟಿಸಿತು.

ನಾಟಕದಲ್ಲಿ ಚಿತ್ರಲೇಖೆ ಹೊಸ ಸೊಸೆ. ಗಂಡನ ತ್ಯಾಗದ ಸುದ್ದಿ ಕೇಳಿ ಮೊದಲು ಹೆಮ್ಮೆಪಡ್ತಾಳೆ. ಮುದುಕನಾದ ಅವನ ಮುಖ ನೋಡಿದ ಮೇಲೆ ಆಗಲ್ಲ, ಅವನನ್ನ ದೂರ ತಳ್ತಾಳೆ. ಆಗ ಯಯಾತಿ ಬಂದು ಸೊಸೆಯ ಧರ್ಮ ಹೇಳಿಕೊಡ್ತಾನೆ. ಅವಳ ಉತ್ತರದ ಸಾರಾಂಶ ಇಷ್ಟೇ: ನಾನು ಮದುವೆಯಾದದ್ದು ಪುರುವಿನ ಯೌವನವನ್ನ. ಈಗ ಅದು ನಿಮ್ಮ ಹತ್ತಿರ ಇದೆ. ಹಾಗಿದ್ದರೆ ನನ್ನನ್ನೂ ನೀವೇ ಸ್ವೀಕರಿಸಿ. ಯಯಾತಿ ಹೌಹಾರ್ತಾನೆ. ಅಧರ್ಮ ಅಂತಾನೆ. ಮಗನ ಆಯುಷ್ಯ ತಗೊಳ್ಳುವಾಗ ನೆನಪಾಗದ ಧರ್ಮ ಆಗ ನೆನಪಾಗುತ್ತೆ!

ಈ ಮಾತು ಚುಚ್ಚೋದು ಯಯಾತಿಗೆ ಮಾತ್ರ ಅಲ್ಲ, ಪುರುವಿಗೂ. ಅವನು ದೊಡ್ಡವನಾಗಲು ಹೊರಟ, ಆದರೆ ಬೆಲೆ ಕಟ್ಟಿದವಳು ಇನ್ನೊಬ್ಬಳು. ಅವಳನ್ನ ಒಂದು ಮಾತು ಕೇಳಲಿಲ್ಲ.

ನಮ್ಮ ವಯಸ್ಸಿನವರು ಕುಟುಂಬ–ಸ್ವಾತಂತ್ರ್ಯ ಅಂದಾಗ ಅಪ್ಪ-ಅಮ್ಮ ಒಂದು ಕಡೆ, ನಾನು ಒಂದು ಕಡೆ ಅಂತ ಎರಡೇ ಖುರ್ಚಿ ಹಾಕ್ತೀವಿ. ಮೂರನೇ ಖುರ್ಚಿ ಯಾವತ್ತೂ ಇರುತ್ತೆ. ಊರಲ್ಲಿ ಮನೆ ಕಟ್ಟೋಕೆ ಮಗ ಸಾಲಕ್ಕೆ ಸಹಿ ಹಾಕ್ತಾನೆ, ಇಎಂಐ ಇಬ್ಬರ ಸಂಬಳದಿಂದ ಹೋಗುತ್ತೆ. ಅಮ್ಮನ್ನ ನೋಡ್ಕೋಬೇಕು ಅಂತ ಅವನು ನಿರ್ಧರಿಸ್ತಾನೆ, ಕೆಲಸ ಬಿಡೋದು ಹೆಂಡತಿ. ಅಣ್ಣ ಅಮೆರಿಕಕ್ಕೆ ಹೋಗಿ ಸ್ವತಂತ್ರನಾಗ್ತಾನೆ, ಊರಿನ ಆಸ್ಪತ್ರೆ ಓಡಾಟ ತಂಗಿ ಪಾಲಿಗೆ. ತ್ಯಾಗವಾಗಲಿ, ಸ್ವಾತಂತ್ರ್ಯವಾಗಲಿ, ಬಿಲ್ ಇನ್ನೊಬ್ಬರ ಹೆಸರಿಗೆ ಬರಬಹುದು.

ಹಾಗಂತ ಹೆತ್ತವರಿಗೆ ಏನೂ ಮಾಡಬೇಡಿ ಅಂತಲ್ಲ. ಮುಪ್ಪು ಅವರಿಗೆ ಬರೋದು ನಿಜ, ನಮ್ಮ ಆಸರೆ ಬೇಕಾಗೋದೂ ನಿಜ. ‘ಆಯ್ತಪ್ಪ, ನಾನು ನೋಡ್ಕೋತೀನಿ’ ಅಂತ ಫೋನ್ ಇಡೋ ಮೊದಲು ಆ ಮೂರನೆಯವರನ್ನ ಕೂರಿಸಿ ಕೇಳಿ. ಬೇಡ ಅನ್ನೋ ಅವಕಾಶವೂ ಅವರಿಗಿರಲಿ. ಇಲ್ಲದಿದ್ದರೆ ಅದು ಕೇಳಿದ ಹಾಗಲ್ಲ, ತಿಳಿಸಿದ ಹಾಗೆ.

ನಾಟಕದ ಕೊನೆಗೆ ಯಯಾತಿ ತನ್ನ ಮುಪ್ಪನ್ನ ವಾಪಸ್ ತಗೋತಾನೆ, ಪುರು ಮತ್ತೆ ತರುಣನಾಗ್ತಾನೆ. ಆದರೆ ಅಷ್ಟರಲ್ಲಿ ಚಿತ್ರಲೇಖೆ ವಿಷ ಕುಡಿದು ಸತ್ತಿರ್ತಾಳೆ.